ಜನವರಿ ಇಪ್ಪತ್ತಾರಕ್ಕೊಂದು ಹೊಸ ಮುಹೂರ್ತ

ಮೆಲ್ಬರ್ನ್‌ನಲ್ಲಿ ಜನವರಿ ಬಂತೆಂದರೆ ಕನ್ನಡಿಗರ ಹರಟೆಗೆ ವಿಷಯ ಎರಡೇ: ಬಿಸಿಲು ಮತ್ತು ಆಸ್ಟ್ರೇಲಿಯಾ ಡೇ. ಬಿಸಿಲಿನ ವಿಚಾರದಲ್ಲಿ ಎಲ್ಲರದೂ ಒಂದೇ ಅಭಿಪ್ರಾಯ, ಎರಡು ನಿಮಿಷಕ್ಕೆ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಇಪ್ಪತ್ತಾರರದ್ದೇ. 1788ರ ಜನವರಿ 26ಕ್ಕೆ ಕೈದಿಗಳನ್ನು ಹೊತ್ತು ತಂದ ಬ್ರಿಟಿಷರು ಸಿಡ್ನಿಯಲ್ಲಿ ಬಾವುಟ ನೆಟ್ಟರು, ಆ ದಿನವೇ ಇಲ್ಲಿನ ರಾಷ್ಟ್ರೀಯ ಹಬ್ಬ; ಅದು ಮೂಲನಿವಾಸಿಗಳಿಗೆ ನೋವಿನ ದಿನ, ಬೇರೆ ತಾರೀಕಿಗೆ ಸರಿಸಿ ಎಂಬ ಕೂಗು ಪ್ರತಿ ವರ್ಷ ಏಳುತ್ತದೆ. ಧಾರವಾಡದ ಬಸಣ್ಣ, ಉಡುಪಿ ಕಡೆಯ ಭಟ್ರು, ಕೌನ್ಸಿಲ್ (ಇಲ್ಲಿನ ನಗರಸಭೆ) ಆಫೀಸಿನಲ್ಲಿರುವ ಮೈಸೂರಿನ ಜಯಕ್ಕ, ಬೆಂಗಳೂರಿನ ಸೀನ. ನಡುವೆ ಒಂದು ದೊಡ್ಡ ಪಾತ್ರೆ ಗಿರ್ಮಿಟ್.

ಬಸಣ್ಣ: ಅಲ್ರೀ, ಒಂದ್ ದಿನಾ ಸರಿಸೂದಕ್ಕ ಇಷ್ಟ್ಯಾಕ ರಗಳಿ? ಕ್ಯಾಲೆಂಡರ್‌ನ್ಯಾಗ ಕೆಂಪ್ ಶಾಯಿ ಈ ಮನಿಯಿಂದ ಆ ಮನಿಗೆ ಹಚ್ಚಿದ್ರ ಮುಗೀತಲ್ಲ.

ಸೀನ: ಅಷ್ಟು ಸುಲಭ ಇಲ್ಲ ಅಣ್ಣ. ಸಂವಿಧಾನ ತಿದ್ದಬೇಕು, ರೆಫರೆಂಡಮ್ ಅಂದ್ರೆ ಜನಮತಗಣನೆ ಆಗಬೇಕು. ಮೂಲನಿವಾಸಿಗಳ ಸಲಹಾ ಮಂಡಳಿಯನ್ನ ಸಂವಿಧಾನಕ್ಕೆ ಸೇರಿಸೋಣ ಅಂತ 2023ರ ಅಕ್ಟೋಬರ್ 14ಕ್ಕೆ ವಾಯ್ಸ್ ರೆಫರೆಂಡಮ್ ಮಾಡಿ ಏನಾಯ್ತು? ನೂರಕ್ಕೆ ಅರವತ್ತು ಜನ ಬೇಡ ಅಂದ್ರು.

ಜಯಕ್ಕ: ಯಾವ ವಾಟ್ಸಾಪ್ ಗ್ರೂಪಲ್ಲಿ ಓದಿದ್ಯೋ ಅದನ್ನ? ಇಲ್ಲಿನ ಸಂವಿಧಾನದಲ್ಲಿ ಆಸ್ಟ್ರೇಲಿಯಾ ಡೇ ಅನ್ನೋ ಮಾತೇ ಇಲ್ಲ. ಇರೋದು 2009ರ ಫೇರ್ ವರ್ಕ್ ಆಕ್ಟ್ ಅನ್ನೋ ಕೆಲಸಗಾರರ ಕಾನೂನಿನ 115ನೇ ಸೆಕ್ಷನ್‌ನಲ್ಲಿ. ಜನವರಿ 1, ಜನವರಿ 26, ಗುಡ್ ಫ್ರೈಡೇ ಅಂತ ಒಂದು ಪಟ್ಟಿ ಇದೆ, ಅಷ್ಟೇ. ಪಾರ್ಲಿಮೆಂಟಿನಲ್ಲಿ ಮಾಮೂಲಿ ಬಹುಮತ ಇದ್ರೆ ಆ ಸಾಲು ತಿದ್ದಬಹುದು. ಆಮೇಲೆ ಆರು ರಾಜ್ಯ, ಎರಡು ಟೆರಿಟರಿ ತಂತಮ್ಮ ರಜಾ ಕಾನೂನು ತಿದ್ಕೋಬೇಕು. ಇನ್ನೂ ತಮಾಷೆ ಕೇಳು. ರಾಜ್ಯದ ಕಾನೂನು ಪಟ್ಟಿಯ ಒಂದು ದಿನದ ಬದಲು ಇನ್ನೊಂದು ದಿನ ರಜೆ ಕೊಟ್ರೆ, ಆ ಬದಲಿ ದಿನವೇ ರಜೆ ಅಂತ ಅದೇ ಸೆಕ್ಷನ್ ಹೇಳುತ್ತೆ.

ಬಸಣ್ಣ: ಅಂದ್ರ ನಮ್ಮ ವಿಕ್ಟೋರಿಯಾ ರಾಜ್ಯ ಒಂದ ಮನಸ್ ಮಾಡಿದ್ರೂ ಆಕ್ಕೈತಿ?

ಜಯಕ್ಕ: ಕಾಗದದ ಮೇಲೆ ಆಗುತ್ತೆ. ತೊಂದರೆ ಶುರುವಾಗೋದು ಮರ್ರೇ ನದಿ ಹತ್ರ. ನದಿಯ ಈ ಕಡೆ ವೊಡೊಂಗಾ ನಮ್ಮದು, ಆ ಕಡೆ ಆಲ್ಬರಿ ನ್ಯೂ ಸೌತ್ ವೇಲ್ಸ್‌ದು. ಜನ ದಿನಾ ಸೇತುವೆ ದಾಟಿ ಕೆಲಸಕ್ಕೆ ಹೋಗ್ತಾರೆ. ರಜಾ ದಿನ ಹೋಟೆಲಲ್ಲಿ ದುಡಿಯೋ ಕ್ಯಾಶುವಲ್ ಹುಡುಗನಿಗೆ ಎರಡೂವರೆ ಪಟ್ಟು ಸಂಬಳ. ನದಿ ಈ ಕಡೆ ಕಾಫಿ ಹಾಕಿದ್ರೆ ಮಾಮೂಲಿ, ಆ ಕಡೆ ಹಾಕಿದ್ರೆ ಎರಡೂವರೆ.

ಭಟ್ರು: ಅದು ಈಗಲೂ ಉಂಟಲ್ಲ ಮಾರಾಯ್ರೆ! ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್‌ನಲ್ಲಿ ಕುದುರೆ ಓಡ್ತದೆ ಅಂತ ರಜೆ. ಫುಟ್‌ಬಾಲ್ ಫೈನಲ್ ಶನಿವಾರ, ಅದರ ಹಿಂದಿನ ಶುಕ್ರವಾರ ರಜೆ. ಆಟಕ್ಕಲ್ಲ, ಆಟದ ಮುನ್ನಾದಿನಕ್ಕೆ! ಸಿಡ್ನಿಯವರಿಗೆ ಎರಡೂ ಇಲ್ಲ. ಸೇತುವೆ ಏನೂ ಮುರಿದು ಬಿದ್ದಿಲ್ಲ.

ಸೀನ: ಅದು ಕುದುರೆ, ಭಟ್ರೇ. ಇದು ದೇಶದ ಹುಟ್ಟುಹಬ್ಬ.

ಭಟ್ರು: ಹಾಗಾದ್ರೆ ರಾಜನ ಹುಟ್ಟುಹಬ್ಬವನ್ನೇ ತಗೊಳ್ಳಿ. ಮೂರನೇ ಚಾರ್ಲ್ಸ್ ಹುಟ್ಟಿದ್ದು ನವೆಂಬರ್ 14. ನಾವು ಆಚರಿಸುವುದು ಜೂನ್ ಎರಡನೇ ಸೋಮವಾರ. ಕ್ವೀನ್ಸ್‌ಲ್ಯಾಂಡಿನವರು ಅಕ್ಟೋಬರ್ ಮೊದಲ ಸೋಮವಾರ. ಪರ್ತ್‌ನವರದ್ದು ಸೆಪ್ಟೆಂಬರ್ ಕೊನೆಗೆ. ಒಬ್ಬನೇ ರಾಜ, ಮೂರು ಹುಟ್ಟುಹಬ್ಬ, ಮೂರರಲ್ಲಿ ಒಂದೂ ಅವನದ್ದಲ್ಲ. ಇಂಥ ದೇಶ ಜನವರಿ 26 ಬಂದಾಗ ಮಾತ್ರ ತಾರೀಕು ಅಲುಗಾಡಿಸ್ಲಿಕ್ಕೆ ಸಾಧ್ಯವೇ ಇಲ್ಲ ಅಂತ ಎದೆ ಬಡಿದುಕೊಳ್ತದೆ.

(ಈ ಮಾತಿಗೆ ಇಲ್ಲಿಯವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಸೀನನೂ ಕೊಡಲಿಲ್ಲ, ಮಂಡಕ್ಕಿ ಬಾಯಿಗೆ ಹಾಕಿಕೊಂಡ.)

ಸೀನ: ಆದ್ರೂ ಇನ್ನೂರು ವರ್ಷದ ಸಂಪ್ರದಾಯ ಅಂತಾರೆ?

ಜಯಕ್ಕ: ಇನ್ನೂರು ವರ್ಷದ್ದು ಸಿಡ್ನಿಯ ಸಂಪ್ರದಾಯ. 1818ರಲ್ಲಿ ಗವರ್ನರ್ ಮೆಕ್ವಾರಿ ಮೂವತ್ತು ವರ್ಷ ತುಂಬಿತು ಅಂತ ಮೂವತ್ತು ತೋಪು ಹಾರಿಸಿ ಸರ್ಕಾರಿ ಕೆಲಸಗಾರರಿಗೆ ರಜೆ ಕೊಟ್ಟ. ಅಡಿಲೇಡಿನವರಿಗೆ ಅದರಿಂದ ಏನಾಗಬೇಕು? ಅವರ ಹಬ್ಬ ಡಿಸೆಂಬರ್ 28, 1836ರಲ್ಲಿ ಅವರ ವಸಾಹತು ಘೋಷಣೆಯಾದ ದಿನ. ನಾವು ಕೈದಿಗಳ ಸಂತಾನ ಅಲ್ಲ ಅನ್ನೋ ಜಂಬ ಬೇರೆ. ಎಲ್ಲ ರಾಜ್ಯಗಳೂ ಆಸ್ಟ್ರೇಲಿಯಾ ಡೇ ಅನ್ನೋ ಒಂದೇ ಹೆಸರಿಗೆ ಒಪ್ಪಿದ್ದು 1935ರಲ್ಲಿ. ಆಮೇಲೂ ರಜೆ ಮಾತ್ರ ಹತ್ತಿರದ ಸೋಮವಾರಕ್ಕೆ, ಲಾಂಗ್ ವೀಕೆಂಡ್ ಸಿಗಲಿ ಅಂತ. ದೇಶಕ್ಕೆ ದೇಶವೇ 26ನೇ ತಾರೀಕಿಗೇ ರಜೆ ಹಾಕೋಕೆ ಶುರು ಮಾಡಿದ್ದು 1994ರಲ್ಲಿ. ಈ ಅನಾದಿ ಸಂಪ್ರದಾಯ ನಿನಗಿಂತ ಚಿಕ್ಕದು ಕಣೋ.

ಬಸಣ್ಣ: ಏ, ಅವತ್ತ ಹಡಗ ಬಂದಿದ್ದರ ಖರೇ ಹೌದಿಲ್ಲೋ?

ಭಟ್ರು: ಅದೂ ಪೂರ್ತಿ ಖರೆಯಲ್ಲ. ಹನ್ನೊಂದು ಹಡಗು ಇಂಗ್ಲೆಂಡು ಬಿಟ್ಟದ್ದು 1787ರ ಮೇ 13ಕ್ಕೆ. ಬಾಟನಿ ಬೇ ಎಂಬಲ್ಲಿಗೆ 1788ರ ಜನವರಿ 18, 19, 20ಕ್ಕೆ ಕಂತು ಕಂತಾಗಿ ಬಂದವು. ನೋಡಿದ್ರೆ ಕುಡಿಯುವ ನೀರು ಸಾಲದು, ಮಣ್ಣು ಮರಳು, ಗಾಳಿಗೆ ಮರೆಯಿಲ್ಲ. ಹಾಗಾಗಿ ಹಡಗುಗಳ ನಾಯಕ ಫಿಲಿಪ್ ಜಾಗ ಬದಲಿಸಿ 26ಕ್ಕೆ ಸಿಡ್ನಿ ಕೋವ್‌ನಲ್ಲಿ ಬಾವುಟ ನೆಟ್ಟ. ವಸಾಹತು ಅಂತ ವಿಧಿವತ್ತಾಗಿ ಓದಿ ಹೇಳಿದ್ದು ಫೆಬ್ರವರಿ 7ಕ್ಕೆ. ಇಪ್ಪತ್ತಾರು ಅಂದ್ರೆ ಮೊದಲು ಬಂದ ದಿನವೂ ಅಲ್ಲ, ಘೋಷಣೆಯ ದಿನವೂ ಅಲ್ಲ.

ಜಯಕ್ಕ: ಬಾವುಟ ನೆಟ್ಟ ಜಾಗ ಗಾಡಿಗಲ್ ಅನ್ನೋ ಮೂಲನಿವಾಸಿ ಜನರದು. ಅವರನ್ನು ಯಾರೂ ಕೇಳಲಿಲ್ಲ, ಒಂದು ಒಪ್ಪಂದ ಬರೀಲಿಲ್ಲ. ಮರುವರ್ಷವೇ ಸಿಡುಬು ಹರಡಿ ಆ ಸುತ್ತಿನ ಜನ ಗುಂಪು ಗುಂಪಾಗಿ ಸತ್ತರು. ಈ ನೆಲ ಯಾರದೂ ಆಗಿರಲಿಲ್ಲ ಅನ್ನೋ ವಾದವನ್ನು ಹೈಕೋರ್ಟು (ಇಲ್ಲಿ ಅದೇ ದೇಶದ ಅತ್ಯುನ್ನತ ಕೋರ್ಟು) ತಳ್ಳಿಹಾಕಿದ್ದು 1992ರ ಜೂನ್ 3ಕ್ಕೆ, ಮೇಬೋ ಕೇಸಿನಲ್ಲಿ. ಇನ್ನೂರನಾಲ್ಕು ವರ್ಷ ಆದ ಮೇಲೆ.

ಬಸಣ್ಣ: ಹಂಗಾರ ಈ ದಿನ ಬ್ಯಾಡ ಅನ್ನೂದು ಈಗಿನ ಹುಡುಗರು ಎಬ್ಬಿಸಿದ್ದಲ್ಲ?

ಜಯಕ್ಕ: 1938ರಿಂದ ಇದೆ. ನೂರೈವತ್ತನೇ ವರ್ಷ ಅಂತ ಸಿಡ್ನಿಯಲ್ಲಿ ಭರ್ಜರಿ ಮೆರವಣಿಗೆ, ಹಡಗು ಬಂದ ದೃಶ್ಯದ ನಾಟಕ. ನಾಟಕಕ್ಕೆ ಮೂಲನಿವಾಸಿಗಳು ಬೇಕಲ್ಲ? ಸಿಡ್ನಿಯವರು ಒಪ್ಪಲಿಲ್ಲ. ಒಳನಾಡಿನ ಮೆನಿಂಡಿಯಿಂದ ಗಂಡಸರನ್ನ ಕರೆತಂದು ರೆಡ್‌ಫರ್ನ್‌ನ ಪೊಲೀಸ್ ಬ್ಯಾರಕ್‌ನಲ್ಲಿ ಇಟ್ಟರು. ಹಡಗು ಬಂದಾಗ ಅವರು ಹೆದರಿ ಓಡಬೇಕು, ಅದೇ ಪಾತ್ರ. ಅದೇ ಉತ್ಸವದಲ್ಲಿ ಕೈದಿಗಳು ಮಾತ್ರ ಇರಲಿಲ್ಲ, ಮರ್ಯಾದೆ ಹೋಗುತ್ತೆ ಅಂತ ಬಿಟ್ಟಿದ್ರು.

ಭಟ್ರು: ಕೈದಿಗಳ ಹಡಗಿನ ನಾಟಕದಲ್ಲಿ ಕೈದಿಗಳೇ ಇಲ್ಲ!

ಜಯಕ್ಕ: ಅದೇ ದಿನ, ಅದೇ ಊರು. ಮೆರವಣಿಗೆ ಮುಗಿಯೋವರೆಗೂ ಕಾದು, ಕಪ್ಪು ಬಟ್ಟೆ ಉಟ್ಟು ಸುಮಾರು ನೂರು ಮೂಲನಿವಾಸಿಗಳು ಎಲಿಜಬೆತ್ ಸ್ಟ್ರೀಟಿನ ಆಸ್ಟ್ರೇಲಿಯನ್ ಹಾಲ್‌ನಲ್ಲಿ ಸೇರಿದ್ರು. ವಿಲಿಯಂ ಕೂಪರ್, ಜ್ಯಾಕ್ ಪ್ಯಾಟನ್, ವಿಲಿಯಂ ಫರ್ಗುಸನ್. ಇದು ನಮಗೆ ಶೋಕದ ದಿನ, ನಮಗೂ ಪೂರ್ತಿ ಪೌರತ್ವ ಕೊಡಿ ಅಂತ ನಿರ್ಣಯ ಮಾಡಿದ್ರು. ಆಮೇಲೆ 1972ರಲ್ಲಿ ಪ್ರಧಾನಿ ಮೆಕ್‌ಮಹನ್ ಭೂಮಿಯ ಹಕ್ಕು ಕೊಡಲ್ಲ, ಲೀಸ್ ಬೇಕಾದ್ರೆ ಕೊಡ್ತೀವಿ ಅಂದ ಮರುದಿನವೇ, ಇದೇ ಜನವರಿ 26ಕ್ಕೆ, ನಾಲ್ಕು ಜನ ಮೂಲನಿವಾಸಿಗಳು ಕ್ಯಾನ್ಬೆರಾದಲ್ಲಿ ಪಾರ್ಲಿಮೆಂಟ್ ಎದುರಿನ ಹುಲ್ಲಿನ ಮೇಲೆ ಬೀಚ್ ಛತ್ರಿ ನೆಟ್ಟು ಕೂತ್ರು. ನಮ್ಮ ನೆಲದಲ್ಲೇ ನಾವು ಪರದೇಶಿಗಳು, ಅದಕ್ಕೆ ಇದು ನಮ್ಮ ಎಂಬಸಿ ಅಂದ್ರು. ಹುಲ್ಲಿನ ಮೇಲೆ ಡೇರೆ ಹಾಕಬಾರದು ಅನ್ನೋ ಕಾನೂನೇ ಇರಲಿಲ್ಲ. ಅವರನ್ನು ಎಬ್ಬಿಸೋಕೆ ಸರ್ಕಾರ ಜುಲೈನಲ್ಲಿ ಹೊಸ ಕಾನೂನೇ ತರಬೇಕಾಯ್ತು.

ಬಸಣ್ಣ: ಸಾಕು ಬಿಡ್ರಿ, ಈ ಮುಹೂರ್ತಕ್ಕ ದೋಷ ಐತಿ. ಭಟ್ರ, ಪಂಚಾಂಗ ತೆಗೀರಿ, ಹೊಸಾದು ಹುಡುಕೂಣು. ಜನವರಿ 1? 1901ರಾಗ ಅವತ್ತ ಅಲ್ಲೇನು ರಾಜ್ಯಗೋಳೆಲ್ಲ ಕೂಡಿ ದೇಶ ಆಗಿದ್ದು?

ಸೀನ: ಅವತ್ತು ಆಗ್ಲೇ ರಜೆ ಇದೆ ಅಣ್ಣ. ಎರಡು ಸೇರಿಸಿದ್ರೆ ಒಂದು ರಜೆ ಗುಳುಂ. ಇಲ್ಲಿ ಸರ್ಕಾರ ಬಿದ್ದುಹೋಗುತ್ತೆ.

ಜಯಕ್ಕ: ಅವತ್ತು ಜಾರಿಗೆ ಬಂದ ಸಂವಿಧಾನದ 127ನೇ ಕಲಂ, ಜನಸಂಖ್ಯೆ ಎಣಿಸುವಾಗ ಮೂಲನಿವಾಸಿಗಳನ್ನ ಲೆಕ್ಕಕ್ಕೆ ಹಿಡೀಬಾರದು ಅನ್ನುತ್ತಿತ್ತು. 1967ರಲ್ಲಿ ತೆಗೆದ್ರು.

ಬಸಣ್ಣ: ದೋಷ. ಮುಂದ?

ಸೀನ: ಮೇ 9. ಮೊದಲ ಪಾರ್ಲಿಮೆಂಟು ಕೂತಿದ್ದು, ಅದೂ ನಮ್ಮ ಮೆಲ್ಬರ್ನ್ ಎಕ್ಸಿಬಿಷನ್ ಬಿಲ್ಡಿಂಗಲ್ಲಿ.

ಭಟ್ರು: ಆ ಪಾರ್ಲಿಮೆಂಟು ಅದೇ ವರ್ಷ ಮಾಡಿದ ಕಾನೂನು ಗೊತ್ತುಂಟಾ? ಬಿಳಿಯರಲ್ಲದವರು ಬಂದ್ರೆ ಐವತ್ತು ಪದದ ಉಕ್ತಲೇಖನ. ಯುರೋಪಿನ ಯಾವ ಭಾಷೆಯಲ್ಲಾದರೂ ಕೊಡಬಹುದು. ನಿಮಗೆ ಇಂಗ್ಲಿಷ್ ಬಂದ್ರೆ ಇನ್ನೊಂದರಲ್ಲಿ. 1934ರಲ್ಲಿ ಎಗೊನ್ ಕಿಶ್ ಅಂತ ಒಬ್ಬ ಎಡಪಂಥದ ಪತ್ರಕರ್ತ ಬಂದ. ಅವನನ್ನು ಹೊರಗಿಡಬೇಕು, ಆದ್ರೆ ಪುಣ್ಯಾತ್ಮನಿಗೆ ಹಲವು ಭಾಷೆ ಬರ್ತಿತ್ತು. ಕಡೆಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಕೊಟ್ಟು ಫೇಲ್ ಮಾಡಿದ್ರು. ಹೈಕೋರ್ಟು, ಈ ಕಾನೂನಿನ ಮಟ್ಟಿಗೆ ಅದು ಯುರೋಪಿನ ಭಾಷೆಯೇ ಅಲ್ಲ ಅಂತ ತೀರ್ಪು ಕೊಟ್ಟಿತು. ಸ್ಕಾಟ್ಲೆಂಡಿನವರು ಇವತ್ತಿಗೂ ಸಿಟ್ಟಲ್ಲಿರಬೇಕು.

ಬಸಣ್ಣ: ನಮಗ ಬಾಗಿಲಾ ಹಾಕಿದ ದಿನಕ್ಕ ನಾವ ಪಟಾಕಿ ಹೊಡಿಯೂದು ಬ್ಯಾಡ. ದೋಷ. ಮೇ 8 ಅಂತಾರಲ್ಲ, ಲಗೂನ ಹೇಳಿದ್ರ ‘ಮೇಟ್’ ಅಂತ ಕೇಳಸ್ತೈತಿ ಅಂತ?

ಭಟ್ರು: ಮೇ ತಿಂಗಳ ಚಳಿಯಲ್ಲಿ ಮೆಲ್ಬರ್ನ್‌ನ ಬೀಚಿಗೆ ಹೋಗಿ ನೋಡಿ, ಮೇಟೂ ಇರುವುದಿಲ್ಲ, ಯಾರೂ ಇರುವುದಿಲ್ಲ.

ಸೀನ: ಮಾರ್ಚ್ 3? 1986ರಲ್ಲಿ ಆಸ್ಟ್ರೇಲಿಯಾ ಆಕ್ಟ್ ಜಾರಿಗೆ ಬಂತು, ಬ್ರಿಟಿಷ್ ಪಾರ್ಲಿಮೆಂಟಿನ ಹಿಡಿತ ಪೂರ್ತಿ ಹೋಯ್ತು. ಸಖತ್ ಡೇಟು.

ಜಯಕ್ಕ: ನೋಯಿಸದ ದಿನ ಅಂದ್ರೆ ಅದೇ. ಆದ್ರೆ ಮಾರ್ಚ್ ಮೊದಲ ಸೋಮವಾರ ಪರ್ತ್‌ನಲ್ಲಿ ಲೇಬರ್ ಡೇ, ಎರಡನೇ ಸೋಮವಾರ ನಮ್ಮಲ್ಲಿ. ಒತ್ತಿನಲ್ಲೇ ಎರಡು ರಜೆ ಅಂದ್ರೆ ವ್ಯಾಪಾರಿಗಳು ಬಿಡಲ್ಲ. ಮೇಲಾಗಿ ನೂರು ಜನರನ್ನ ನಿಲ್ಲಿಸಿ ಮಾರ್ಚ್ 3ಕ್ಕೆ ಏನಾಯ್ತು ಅಂತ ಕೇಳು, ನೂರು ಜನವೂ ಫೋನ್ ತೆಗೀತಾರೆ.

ಸೀನ: ನಮ್ಮದೊಂದು ಪಾಯಿಂಟು. 26 ಹೋದ್ರೆ ನಮ್ಮ ಗಣರಾಜ್ಯೋತ್ಸವ ಒಂಟಿ ಆಗುತ್ತೆ. ಈಗ ಬೆಳಗ್ಗೆ ಕಾನ್ಸುಲೇಟಲ್ಲಿ ಧ್ವಜವಂದನೆ, ಮಧ್ಯಾಹ್ನ ಬಾರ್ಬೆಕ್ಯೂ, ಒಂದೇ ರಜೆಯಲ್ಲಿ ಎರಡು ದೇಶ.

ಭಟ್ರು: ದಿನ ಸರಿಸುವುದನ್ನು ನಮ್ಮಿಂದಲೇ ಕಲೀಬಹುದು. 1930ರಿಂದ ಕಾಂಗ್ರೆಸ್ಸಿನವರ ಸ್ವಾತಂತ್ರ್ಯ ದಿನ ಜನವರಿ 26, ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯ ದಿನ. ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕೆ. ಅಯ್ಯೋ ಸಂಪ್ರದಾಯ ಅಂತ ಯಾರೂ ಹಟ ಹಿಡೀಲಿಲ್ಲ. 1949ರ ನವೆಂಬರ್ 26ಕ್ಕೆ ಸಂವಿಧಾನ ಅಂಗೀಕಾರವಾದ್ರೂ ಎರಡು ತಿಂಗಳು ಕಾದು ಆ ಹಳೆಯ ದಿನಕ್ಕೆ ಹೊಸ ಕೆಲಸ ಕೊಟ್ರು. ಇಲ್ಲಿನ ಮೂಲನಿವಾಸಿಗಳೂ ಸರಿಸಿದ್ದಾರೆ. ಆಸ್ಟ್ರೇಲಿಯಾ ಡೇ ಹಿಂದಿನ ಭಾನುವಾರ ಆಚರಿಸ್ತಿದ್ದ ತಮ್ಮ ದಿನವನ್ನ 1955ರಲ್ಲಿ ಜುಲೈಗೆ ಒಯ್ದರು. ಬರೀ ಪ್ರತಿಭಟನೆ ಬೇಡ, ಸಂಭ್ರಮವೂ ಇರಲಿ ಅಂತ.

ಬಸಣ್ಣ: ಅವರೆಲ್ಲಾರೂ ಬದಲ್ ಮಾಡ್ರಿ ಅಂತಾರೇನು?

ಜಯಕ್ಕ: ಇಲ್ಲ. ಇದ್ದ ದಿನ ಇರಲಿ ಅನ್ನೋರು ಅವರಲ್ಲೂ ಇದ್ದಾರೆ, ಸೆನೆಟರ್ ಜಸಿಂಟಾ ಪ್ರೈಸ್ ಥರ. 26ಕ್ಕೆ ನಡೆಯೋ ಮೆಲ್ಬರ್ನ್ ರ‍್ಯಾಲಿಯಲ್ಲಿ ಇನ್ನೊಂದು ಗುಂಪು, ದಿನ ಬದಲಾಯಿಸಬೇಡಿ, ಹಬ್ಬವನ್ನೇ ತೆಗೀರಿ ಅನ್ನುತ್ತೆ. ಮೂಲನಿವಾಸಿಗಳ ಜೊತೆ ಒಪ್ಪಂದ ಇಲ್ಲದೆ ತಾರೀಕು ಮಾತ್ರ ಬದಲಾಯಿಸಿದ್ರೆ ಅದೇ ನೋವನ್ನ ಬೇರೆ ವಾರದಲ್ಲಿ ಆಚರಿಸಿದ ಹಾಗೆ ಅಂತ ಅವರ ವಾದ. ನನಗೆ ಕೇಳಿದ್ರೆ ಅದೇ ಗಟ್ಟಿ ವಾದ. ಆದ್ರೆ ಅದು ಆಗೋವರೆಗೂ ಅವತ್ತೇ ಪಟಾಕಿ ಹೊಡೀಬೇಕು ಅನ್ನೋದಕ್ಕೆ ಅದು ನೆಪ ಆಗಬಾರದು.

ಸೀನ: ಮತ್ತೆ ವಲಸೆ ಬಂದವರಿಗೆ 26ಕ್ಕೆ ಪೌರತ್ವ ಕೊಡೋ ಸಮಾರಂಭ? ನಮ್ಮವರೇ ಜಾಸ್ತಿ ಇರ್ತಾರೆ ಅವತ್ತು.

ಜಯಕ್ಕ: ಅದು ಆಗ್ಲೇ ಸಡಿಲ ಆಗಿದೆ. 2017ರಲ್ಲಿ ಮೆಲ್ಬರ್ನ್‌ನ ಯಾರಾ, ಡ್ಯಾರೆಬಿನ್ ಕೌನ್ಸಿಲ್‌ಗಳು 26ಕ್ಕೆ ಮಾಡಲ್ಲ ಅಂದಿದ್ದಕ್ಕೆ ಕೇಂದ್ರದವರು ಸಮಾರಂಭ ನಡೆಸೋ ಅಧಿಕಾರವನ್ನೇ ಕಿತ್ಕೊಂಡ್ರು. 2022ರ ಡಿಸೆಂಬರಲ್ಲಿ ನಿಯಮ ಬದಲಾಯ್ತು. ಈಗ ಮೂರು ದಿನ ಹಿಂದೆ, ಮೂರು ದಿನ ಮುಂದೆ, ಅಂದ್ರೆ 23ರಿಂದ 29ರೊಳಗೆ ಯಾವತ್ತಾದ್ರೂ ಮಾಡಬಹುದು. ರಜಾ ದಿನದ ಹೆಚ್ಚುವರಿ ಸಂಬಳವೂ ಉಳಿಯುತ್ತೆ, ಹಾಲ್ ಬಾಡಿಗೆಯೂ ಕಮ್ಮಿ. ತತ್ವಕ್ಕಿಂತ ಆ ಲೆಕ್ಕಕ್ಕೇ ಎಷ್ಟೋ ಕೌನ್ಸಿಲ್‌ಗಳು ಒಲಿದವು.

ಸೀನ: ಹಾಗಾದ್ರೆ ನನ್ನ ಫಾರ್ಮುಲಾ ಕೇಳಿ. ಜನವರಿ ಕೊನೆಯ ಶುಕ್ರವಾರ. ಬಿಸಿಲೂ ಇರುತ್ತೆ, ಸ್ಕೂಲ್ ರಜೆಯ ಕೊನೆ, ಮೂರು ದಿನ ಲಾಂಗ್ ವೀಕೆಂಡ್ ಗ್ಯಾರಂಟಿ. ಕೇಳುಗರು ಓಟು ಹಾಕಿ ಆರಿಸೋ ನೂರು ಹಾಡಿನ ಹಾಟೆಸ್ಟ್ ಹಂಡ್ರೆಡ್‌ನೂ ಟ್ರಿಪಲ್ ಜೆ ರೇಡಿಯೋದವರು 2018ರಿಂದ 26 ಬಿಟ್ಟು ನಾಲ್ಕನೇ ವೀಕೆಂಡಿಗೆ ತಳ್ಳಿದ್ರಲ್ಲ, ಹಂಗೇ.

ಭಟ್ರು (ಫೋನಿನಲ್ಲಿ ಕ್ಯಾಲೆಂಡರ್ ಸರಿಸುತ್ತಾ): ಕೊನೆಯ ಶುಕ್ರವಾರ 25ರಿಂದ 31ರೊಳಗೆ ಬೀಳ್ತದೆ. 2024ರಲ್ಲಿ ಸರಿಯಾಗಿ 26ಕ್ಕೇ ಬಿದ್ದಿತ್ತು. 2029ರಲ್ಲಿ ಮತ್ತೆ ಬೀಳ್ತದೆ.

ಸೀನ: ಸರಿ, ಅದಕ್ಕೊಂದು ಉಪನಿಯಮ ಹಾಕೋಣ. 26 ಬಂದ್ರೆ ಒಂದು ವಾರ ಹಿಂದಕ್ಕೆ, 19ಕ್ಕೆ.

ಭಟ್ರು: ಬಾಟನಿ ಬೇಗೆ 19ನೇ ತಾರೀಕಿಗೆ ಮೂರು ಹಡಗು ಬಂದಿವೆ ಮಾರಾಯ್ರೆ. ಅಲೆಕ್ಸಾಂಡರ್, ಸ್ಕಾರ್ಬರೋ, ಫ್ರೆಂಡ್‌ಶಿಪ್.

ಬಸಣ್ಣ: ಒಂದ ವಾರ ಮುಂದಕ್ಕ ಹಾಕಪಾ ತಮ್ಮಾ, ಫೆಬ್ರವರಿ 2.

ಜಯಕ್ಕ: ಅಷ್ಟೊತ್ತಿಗೆ ಸ್ಕೂಲ್ ಶುರುವಾಗಿರುತ್ತೆ ಅಂತ ಮೊದಲ ಕಂಪ್ಲೇಂಟ್ ನಮ್ಮ ಕೌನ್ಸಿಲ್‌ಗೇ ಬರುತ್ತೆ. ಪರವಾಗಿಲ್ಲ, ಬರಕೋ ಸೀನ.