ಹಳೆಯ ನುಡಿ ಕಡತಗಳನ್ನು ಕಂಪ್ಯೂಟರಿನಿಂದ ಓದಿಸುವುದು ಹೇಗೆ?

ಪ್ರಶ್ನೆ:
ನಮ್ಮ ಪದವಿ ಕಾಲೇಜಿನ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗಾಗಿ ಇತಿಹಾಸದ ಟಿಪ್ಪಣಿಗಳನ್ನು ಆಡಿಯೊ ಕಡತಗಳನ್ನಾಗಿ ಮಾಡಿಕೊಡಬೇಕೆಂದಿದ್ದೇನೆ. ಟಿಪ್ಪಣಿಗಳೆಲ್ಲ ಹಳೆಯ ನುಡಿ ತಂತ್ರಾಂಶದಲ್ಲಿ ಟೈಪಾಗಿವೆ. ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಇಸ್ಪೀಕ್ ಎನ್‌ಜಿ ತಂತ್ರಾಂಶದಲ್ಲಿ ಕನ್ನಡವನ್ನೇ ಆಯ್ದು ಓದಿಸಿದರೂ ಒಂದು ಕನ್ನಡ ಪದವೂ ಹೊರಡುವುದಿಲ್ಲ. ಪರದೆಯ ಮೇಲೆ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿರುವಾಗ ಓದಲು ಏನು ಅಡ್ಡಿ? ಇನ್ನಷ್ಟು ಹಿತವಾದ ಧ್ವನಿಯಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:
ದೋಷ ಧ್ವನಿ ತಂತ್ರಾಂಶದ್ದಲ್ಲ, ಕಡತದ್ದು. ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆ ರೂಢಿಗೆ ಬರುವ ಮೊದಲಿನ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು; ಹೀಗಾಗಿ ನಿಮ್ಮ ಕಣ್ಣಿಗೆ ‘ಕನ್ನಡ’ ಎಂದು ಕಾಣುವ ಪದ ಕಡತದೊಳಗೆ ಒಂದು ಪಿ, ಒಂದು ಪೌಂಡ್ ಚಿಹ್ನೆ, ಒಂದು ಕ್ಯೂ, ನಡುನಡುವೆ ನೆತ್ತಿಯ ಮೇಲೆ ಗೆರೆ ಹೊತ್ತ ಎ ಮುಂತಾದ ಅಕ್ಷರಗಳ ಸಾಲಾಗಿರುತ್ತದೆ. ಧ್ವನಿ ತಂತ್ರಾಂಶಕ್ಕೆ ಫಾಂಟು ಕಾಣುವುದಿಲ್ಲ, ಆ ಸಾಲಷ್ಟೇ ಸಿಗುತ್ತದೆ. ಮೊದಲು ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಪರಿವರ್ತನೆಯ ಬಳಿಕ ಅರ್ಕಾವತ್ತುಗಳನ್ನು ತಪ್ಪದೆ ಪರಿಶೀಲಿಸಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತಿತ್ತು, ಯೂನಿಕೋಡಿನಲ್ಲಿ ‘ರ್’ ಮುಂಚೆ ಬರಬೇಕು; ಈ ಅದಲುಬದಲು ಸರಿಯಾಗಿ ಆಗದಿದ್ದರೆ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ. ಅರ್ಕಾವತ್ತಿನ ಬದಲು ಒಂಬತ್ತರ ಅಂಕಿಯನ್ನೇ ಒತ್ತುವ ಹಳೆಯ ಚಾಳಿ ನಿಮ್ಮ ಟೈಪಿಸ್ಟರಿಗೂ ಇದ್ದಿದ್ದರೆ, ‘ಕನಾ ಒಂಬತ್ತು ಟಕ’ ಎಂದು ಕೇಳಿಸಿಕೊಳ್ಳಲು ಸಿದ್ಧರಾಗಿರಿ.

ಉತ್ತರ 2:
ಧ್ವನಿಯ ಹಿತವೇ ಮುಖ್ಯವಾದರೆ ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರಿನ ಗಟ್ಟಿಯಾಗಿ ಓದುವ ಸೌಲಭ್ಯದಲ್ಲಿರುವ ಸಪ್ನಾ ಮತ್ತು ಗಗನ್ ಎಂಬ ಕನ್ನಡ ಧ್ವನಿಗಳನ್ನು ಕೇಳಿ ನೋಡಿ. ಅವು ಮನುಷ್ಯರ ಓದಿಗೆ ಬಹಳ ಹತ್ತಿರವಾಗಿವೆ, ಆದರೆ ಅಂತರ್ಜಾಲ ಸಂಪರ್ಕ ಬೇಕೇ ಬೇಕು. ಇಸ್ಪೀಕ್ ಅದಿಲ್ಲದೆಯೂ ಓದುತ್ತದೆ, ಓದಿದ್ದನ್ನು ವೇವ್ ಎಂಬ ಆಡಿಯೊ ಕಡತವಾಗಿ ಉಳಿಸಿಯೂ ಕೊಡುತ್ತದೆ. ಇತಿಹಾಸದ ಟಿಪ್ಪಣಿಗಳಾದ್ದರಿಂದ ‘ಕ್ರಿ.ಶ.’ ಎಂದಿರುವಲ್ಲೆಲ್ಲ ‘ಕ್ರಿಸ್ತಶಕ’ ಎಂದು ಬಿಡಿಸಿ ಬರೆಯಿರಿ. ಇಲ್ಲವಾದರೆ ಪ್ರತಿ ಚುಕ್ಕಿಯನ್ನೂ ವಾಕ್ಯದ ಕೊನೆಯೆಂದು ಭಾವಿಸಿ ಯಂತ್ರ ಅಲ್ಲಲ್ಲಿ ನಿಂತುಬಿಡಬಹುದು.

ಉತ್ತರ 3:
ನಾನು ಸ್ವತಃ ಅಂಧನಾಗಿದ್ದು, ಎನ್‌ವಿಡಿಎ ಎಂಬ ಉಚಿತ ಪರದೆವಾಚಕದ ಮೂಲಕ ಈ ಚರ್ಚೆಯನ್ನು ಓದುತ್ತಿದ್ದೇನೆ. ಅದರೊಂದಿಗೆ ಇಸ್ಪೀಕ್ ಸೇರಿಕೊಂಡೇ ಬರುತ್ತದೆ. ಕಣ್ಣುಳ್ಳವರಿಗೆ ಕರ್ಕಶವೆನಿಸುವ ಆ ದನಿ ವೇಗ ಹೆಚ್ಚಿಸಿದಾಗಲೂ ಕಲಸಿಹೋಗುವುದಿಲ್ಲವೆಂಬ ಕಾರಣಕ್ಕೇ ನಮ್ಮಲ್ಲಿ ಅನೇಕರು ಅದನ್ನು ಬಿಟ್ಟಿಲ್ಲ. ಮೇಲಿನವರ ಸಲಹೆಗಳು ಸರಿಯಾಗಿಯೇ ಇವೆ, ಆದರೆ ಆಡಿಯೊ ಕಡತ ನಿಜಕ್ಕೂ ಬೇಕೇ ಎಂಬುದನ್ನು ವಿದ್ಯಾರ್ಥಿಗಳನ್ನೇ ಕೇಳಿ ನೋಡಿ. ಯೂನಿಕೋಡ್ ಪಠ್ಯ ಕೈಯಲ್ಲಿದ್ದರೆ ಬೇಕಾದ ಪದವನ್ನು ಹುಡುಕಬಹುದು, ‘ಹೊಯ್ಸಳ’ದಲ್ಲಿರುವುದು ‘ಲ’ವೋ ‘ಳ’ವೋ ಎಂದು ಅಕ್ಷರ ಅಕ್ಷರವಾಗಿ ಕೇಳಬಹುದು, ಪರೀಕ್ಷೆ ಬರೆಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಪ್ರಶ್ನೆ ಕೇಳಿದವರು:
ಅವರಲ್ಲಿ ಹೆಚ್ಚಿನವರ ಬಳಿ ಇರುವುದು ಮೊಬೈಲ್ ಮಾತ್ರ.

ಉತ್ತರ 3 ಬರೆದವರು:
ಆಂಡ್ರಾಯ್ಡ್ ಫೋನಾದರೆ ಅದರ ಪರದೆವಾಚಕವಾದ ಟಾಕ್‌ಬ್ಯಾಕ್ ಸಾಕು. ಗೂಗಲ್ಲಿನ ಕನ್ನಡ ಧ್ವನಿಯನ್ನು ಒಮ್ಮೆ ಇಳಿಸಿಕೊಂಡರೆ ನೀವು ಕಳಿಸುವ ಪಠ್ಯವನ್ನು ಅದೇ ಓದಿ ಹೇಳುತ್ತದೆ. ಚಿತ್ರರೂಪದ ಪಿಡಿಎಫ್ ಮಾತ್ರ ಕಳಿಸಬೇಡಿ, ಅದರಲ್ಲಿ ಓದಲು ಪಠ್ಯವೇ ಇರುವುದಿಲ್ಲ.