ಪದಚರ್ಚೆ: ಮ್ಯಾಕ್‌ಬೆತ್‌ನ ‘ವಿಯರ್ಡ್ ಸಿಸ್ಟರ್ಸ್’ ಮಾಟಗಾತಿಯರೇ?

ಪ್ರಶ್ನೆ:

ಮ್ಯಾಕ್‌ಬೆತ್‌ನ (ಷೇಕ್ಸ್‌ಪಿಯರ್ ನಾಟಕ) ಆಯ್ದ ದೃಶ್ಯಗಳನ್ನು ರಂಗಕ್ಕೆಂದು ಕನ್ನಡಕ್ಕೆ ತರುವ ಕೆಲಸ ನಡೆದಿದೆ. ಮೂರು ಕಡೆ ಪದ ಕೂರುತ್ತಿಲ್ಲ. ಮ್ಯಾಕ್‌ಬೆತ್‌ಗೆ ಭವಿಷ್ಯ ನುಡಿಯುವ ಮೂವರು ‘ವಿಯರ್ಡ್ ಸಿಸ್ಟರ್ಸ್’ಗೆ ರೂಢಿಯ ‘ಮಾಟಗಾತಿಯರು’ ಸಾಕೇ? ಲೇಡಿ ಮ್ಯಾಕ್‌ಬೆತ್‌ಳ ‘ಅನ್‌ಸೆಕ್ಸ್ ಮಿ’ಗೆ ‘ನನ್ನನ್ನು ಗಂಡಾಗಿಸಿ’ ಎನ್ನಬಹುದೇ? ‘ಆಂಬಿಷನ್’ಗೆ ‘ಮಹತ್ವಾಕಾಂಕ್ಷೆ’ ನಡೆಯುತ್ತದೆಯೇ? ಬಲ್ಲವರು ತಿಳಿಸಿ.

ಉತ್ತರ 1:

‘ಮಾಟಗಾತಿ’ ಪಾತ್ರಪಟ್ಟಿಗೆ ಸರಿ, ಮಾತಿಗೆ ಸರಿಯಲ್ಲ. 1623ರ ಫೋಲಿಯೊ (ಷೇಕ್ಸ್‌ಪಿಯರ್ ನಾಟಕಗಳ ಮೊದಲ ಸಂಕಲನ) ಮುದ್ರಣದಲ್ಲೂ ಹಾಗೇ ಇದೆ. ರಂಗಸೂಚನೆಗಳಲ್ಲಿ ‘ವಿಚ್’ ಎಂದಿದ್ದರೂ, ಸಂಭಾಷಣೆಯಲ್ಲಿ ಈ ಮೂವರಲ್ಲಿ ಒಬ್ಬಳನ್ನು ಹಾಗೆ ಕರೆಯುವುದು ಒಂದೇ ಸಲ. ಚೆಸ್ಟ್‌ನಟ್ ಮೆಲ್ಲುತ್ತಿದ್ದ ನಾವಿಕನ ಹೆಂಡತಿ ಬೈದಳೆಂದು ಮೊದಲನೆಯವಳು ತಾನೇ ಹೇಳಿಕೊಳ್ಳುತ್ತಾಳೆ. ಮ್ಯಾಕ್‌ಬೆತ್, ಅವನ ಜೊತೆಗಾರ ಬ್ಯಾಂಕೊ ಬಳಸುವ ಪದ ‘ವಿಯರ್ಡ್’. ಫೋಲಿಯೊ ಅದನ್ನು ಮೂರು ಕಡೆ ‘ವೇವರ್ಡ್’, ಮೂರು ಕಡೆ ‘ವೇಯರ್ಡ್’ ಎಂದು ಅಚ್ಚು ಹಾಕಿದೆ. ‘ವಿಯರ್ಡ್’ ಎಂದು ತಿದ್ದಿದ್ದು ಸಂಪಾದಕ ಥಿಯೊಬಾಲ್ಡ್, 1733ರಲ್ಲಿ. ತಿದ್ದುಪಡಿಗೆ ಆಧಾರ ಹಾಲಿನ್‌ಷೆಡ್‌ನ ಚರಿತ್ರೆ. ಷೇಕ್ಸ್‌ಪಿಯರ್‌ಗೆ ಕಥೆ ಸಿಕ್ಕಿದ್ದೇ ಅಲ್ಲಿ, ಅಲ್ಲಿ ಈ ಮೂವರು ವಿಧಿದೇವತೆಯರೋ ಅಪ್ಸರೆಯರೋ ಇರಬೇಕು ಎಂದಿದೆ. ಹಳೆಯ ಇಂಗ್ಲಿಷಿನ ‘ವಿರ್ಡ್’ ಎಂದರೆ ವಿಧಿ. ‘ವಿಚಿತ್ರ’ ಎಂಬ ಅರ್ಥ ಆಮೇಲಿನದು, ಹಾಗಾಗಿ ‘ವಿಚಿತ್ರ ಸೋದರಿಯರು’ ಪೂರಾ ತಪ್ಪು. 1611ರಲ್ಲಿ ಗ್ಲೋಬ್‌ನಲ್ಲಿ ನಾಟಕ ನೋಡಿದ ಸೈಮನ್ ಫೋರ್ಮನ್ ಕೂಡ ಇವರನ್ನು ಯಕ್ಷಿಣಿಯರಂಥ ಹೆಂಗಸರು ಎಂದೇ ಬರೆದಿಟ್ಟಿದ್ದಾನೆ.

ನಿಜವಾದ ತೊಡಕು ‘ಮಾಟ’ದಲ್ಲಿದೆ. ನಮ್ಮಲ್ಲಿ ಮಾಟ ಒಬ್ಬರು ಇನ್ನೊಬ್ಬರ ಮೇಲೆ ಮಾಡಿಸುವಂಥದ್ದು. ಆ ಪದ ಬಂದ ಕೂಡಲೇ ಪ್ರೇಕ್ಷಕ ‘ಪಾಪ, ಮಾಟಕ್ಕೆ ಸಿಕ್ಕ’ ಎಂದು ಮ್ಯಾಕ್‌ಬೆತ್‌ನನ್ನು ಅರ್ಧ ಖುಲಾಸೆ ಮಾಡಿಬಿಡುತ್ತಾನೆ. ಮೂಲ ಆ ರಿಯಾಯಿತಿ ಕೊಡುವುದಿಲ್ಲ. ಅದೇ ನಾವಿಕನ ಕಥೆಯಲ್ಲಿ ಮೊದಲನೆಯವಳು ತನ್ನ ಶಕ್ತಿಯ ಎಲ್ಲೆಯನ್ನು ಬಾಯಿಬಿಟ್ಟು ಹೇಳುತ್ತಾಳೆ: ಅವನ ನಿದ್ದೆ ಕಸಿಯಬಲ್ಲೆ, ಹಡಗನ್ನು ಬಿರುಗಾಳಿಗೆ ಒಡ್ಡಬಲ್ಲೆ, ಮುಳುಗಿಸಲಾರೆ. ಮ್ಯಾಕ್‌ಬೆತ್‌ನ ವಿಷಯದಲ್ಲೂ ಅಷ್ಟೇ. ಮುಂದಾಗುವುದನ್ನು ಹೇಳುತ್ತಾರೆ; ಕೊಲ್ಲು ಎಂದು ಹೇಳುವುದಿಲ್ಲ. ಜರಡಿಯಲ್ಲಿ ಕೂತು ಸಮುದ್ರ ದಾಟುತ್ತೇನೆ ಎಂಬ ಅವಳ ಮಾತು ಆ ಕಾಲದವರಿಗೆ ಹೊಸದಾಗಿರಲಿಲ್ಲ. ಸ್ಕಾಟ್ಲೆಂಡಿನಲ್ಲಿ 1590–91ರಲ್ಲಿ ನಡೆದ ನಾರ್ತ್ ಬೆರಿಕ್ ಮಾಟದ ವಿಚಾರಣೆಗಳಲ್ಲಿ, ಡೆನ್ಮಾರ್ಕ್‌ನಿಂದ ಬರುತ್ತಿದ್ದ ಜೇಮ್ಸ್ ದೊರೆಯ ಹಡಗಿಗೆ ಬಿರುಗಾಳಿ ಎಬ್ಬಿಸಿದರೆಂದು ಹೆಂಗಸರ ಮೇಲೆ ಆರೋಪ ಬಂದಿತ್ತು. ಅದೇ ದೊರೆ 1597ರಲ್ಲಿ ದೆವ್ವವಿದ್ಯೆಯ ಮೇಲೆ ಪುಸ್ತಕ ಬರೆದ, ಇಂಗ್ಲೆಂಡಿನ ಪಟ್ಟಕ್ಕೆ ಬಂದ ಮೇಲೆ 1604ರಲ್ಲಿ ಕಾನೂನು ಬಿಗಿಯಾಯಿತು. ನಾಟಕ ಹುಟ್ಟಿದ್ದು 1606ರ ಸುಮಾರಿಗೆ.

ಇನ್ನೊಂದು ತೊಡಕು ವ್ಯಾಕರಣದ್ದು. ‘-ಗಾತಿ’ ಹೆಣ್ಣೆಂದು ಮೊದಲೇ ಸಾರಿಬಿಡುತ್ತದೆ. ಬ್ಯಾಂಕೊನಿಗೋ ಅದೇ ಅನುಮಾನ: ಹೆಂಗಸರಿರಬೇಕು, ಆದರೆ ಗಡ್ಡ ಅಡ್ಡ ಬರುತ್ತಿದೆ. ಇಲ್ಲಿ ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಅನುಕೂಲವಿದೆ. ಮೊದಲು ಕಂಡಾಗ ಬ್ಯಾಂಕೊ ‘ಏನಿವು?’ ಎನ್ನಲಿ, ‘ಯಾರಿವರು?’ ಬೇಡ. ಮ್ಯಾಕ್‌ಬೆತ್ ಕೇಳುವುದೂ ‘ಏನು ನೀವು?’ ಎಂದೇ. ಮಾತಿಗಿಳಿದ ಮೇಲೆ ‘ಇವರು’ ಬಂದರೆ ಮನುಷ್ಯರೆಂದಾಯಿತು, ಗಂಡೋ ಹೆಣ್ಣೋ ಗೊತ್ತಾಗಲಿಲ್ಲ. ಮಾಯವಾದ ಮೇಲೆ ನೆಲದ ಗುಳ್ಳೆಗಳು ಎಂದು ಮತ್ತೆ ‘ಇವು’. ಈ ಮೂರು ಸರ್ವನಾಮಗಳನ್ನು ಸರಿಯಾಗಿ ಇಟ್ಟರೆ ಅರ್ಧ ಕೆಲಸ ಆದಂತೆ. ಹೆಸರಿಗೆ ನನ್ನ ಸಲಹೆ ‘ವಿಧಿಸೋದರಿಯರು’. ‘ಸೋದರಿ’ ಹೆಣ್ಣುಪದವೇ, ಆದರೆ ಅದು ಅವರೇ ತಮ್ಮನ್ನು ಕರೆದುಕೊಳ್ಳುವ ಹೆಸರು, ನೋಡುವವನ ತೀರ್ಪಲ್ಲ.

‘ಗಂಡಾಗಿಸಿ’ ಬೇಡವೇ ಬೇಡ. ಲೇಡಿ ಮ್ಯಾಕ್‌ಬೆತ್ ಗಂಡಸುತನ ಬೇಡುತ್ತಿಲ್ಲ, ಹೆಣ್ತನ ಕಳೆಯಿರಿ ಎನ್ನುತ್ತಿದ್ದಾಳೆ. ನೆತ್ತರು ಹೆಪ್ಪುಗಟ್ಟಲಿ, ಮರುಕದ ದಾರಿ ಮುಚ್ಚಲಿ, ಎದೆಹಾಲು ಪಿತ್ತವಾಗಲಿ: ಎಲ್ಲವೂ ತೆಗೆದುಹಾಕುವ, ಕಟ್ಟಿಬಿಡುವ ಕ್ರಿಯೆಗಳು. ‘ಹೆಣ್ಣಳಿಸಿ ನನ್ನ’ ಎಂದರೆ ‘ಅನ್‌’ ಎಂಬ ಪ್ರತ್ಯಯದ ಪೆಟ್ಟು ಉಳಿಯುತ್ತದೆ. ‘ನಿರ್ಲಿಂಗ’ ವ್ಯಾಕರಣ ಪುಸ್ತಕದ ವಾಸನೆ, ‘ನಪುಂಸಕ’ ಬೈಗುಳ. ಅಂದಹಾಗೆ, ಮೊದಲ ಅಂಕದಲ್ಲಿ ಕೆಟ್ಟ ಶಕ್ತಿಗಳನ್ನು ಮೈಮೇಲೆ ಕರೆದುಕೊಳ್ಳುವವಳು ಇವಳು, ಆ ಮೂವರಲ್ಲ. ‘ಮಾಟ’ವನ್ನು ಅವರಿಗೆ ಖರ್ಚು ಮಾಡಿದರೆ ಇದು ಕಾಣದೆ ಹೋಗುತ್ತದೆ.

ಒಂದು ಎಚ್ಚರಿಕೆ. ಅದೇ ದೃಶ್ಯದಲ್ಲಿ ಸ್ವಲ್ಪ ಮೊದಲು ಗಂಡನಲ್ಲಿ ಮಾನವ ಮರುಕದ ‘ಹಾಲು’ ಹೆಚ್ಚಾಯಿತು ಎಂದು ದೂರಿರುತ್ತಾಳೆ. ಅಲ್ಲಿ ‘ದಯೆ’ ಎಂದಷ್ಟೇ ಬರೆದು ಹಾಲು ಚೆಲ್ಲಿಬಿಟ್ಟರೆ ಎದೆಹಾಲಿನ ಮಾತಿಗೆ ಎಳೆ ಸಿಗುವುದಿಲ್ಲ.

ಉತ್ತರ 2:

ಸರ್ವನಾಮದ ಮಾತು ಒಪ್ಪಿದೆ. ‘ವಿಧಿಸೋದರಿಯರು’ ಓದಲು ಚೆನ್ನ, ಆಡಲು ಭಾರ. ಪ್ರೇಕ್ಷಕರಿಗೆ ತಕ್ಷಣ ಹಿಡಿತಕ್ಕೆ ಬರುವುದಿಲ್ಲ. ಉತ್ತರ ಕರ್ನಾಟಕದ ತಂಡವಾದರೆ ಮಗು ಹುಟ್ಟಿದ ಆರನೆಯ ರಾತ್ರಿ ಹಣೆಬರಹ ಬರೆಯುವ ಶೆಟವಿಯನ್ನು ತರಲು ಮನಸ್ಸಾಗಬಹುದು. ತರಬೇಡಿ. ಶೆಟವಿ ಬರೆಯುತ್ತಾಳೆ, ಇವರು ಹೇಳುತ್ತಾರಷ್ಟೆ; ಮೇಲೆ ಹೇಳಿದ ಖುಲಾಸೆಯೇ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ಹಳಗನ್ನಡದ ‘ಮರುಳ್’ ಪಿಶಾಚಿಯೂ ಹೌದು, ಹುಚ್ಚೂ ಹೌದು. ರನ್ನನ ಗದಾಯುದ್ಧದ ರಣರಂಗ ಓದಿದವರಿಗೆ ಗೊತ್ತು. ಆದರೆ ಇವತ್ತಿನ ಕಿವಿಗೆ ‘ಮರುಳು’ ಎಂದರೆ ಮೋಹವೇ.

‘ಗಂಡಸು’ ಎಂಬುದರ ಬಗ್ಗೆ ಕೇಳಿಲ್ಲ, ಆದರೆ ಹೆಚ್ಚು ಜಾರುವುದು ಅಲ್ಲೇ. ಮೊದಲ ಅಂಕದ ಏಳನೆಯ ದೃಶ್ಯದಲ್ಲಿ ಮ್ಯಾಕ್‌ಬೆತ್ ‘ಮನುಷ್ಯನಿಗೆ ತಕ್ಕದ್ದನ್ನೆಲ್ಲ ಮಾಡಬಲ್ಲೆ, ಅದನ್ನು ಮೀರಿದವನು ಮನುಷ್ಯನಲ್ಲ’ ಎನ್ನುತ್ತಾನೆ. ಹೆಂಡತಿಯ ಮರುಮಾತು ಶುರುವಾಗುವುದು ‘ಹಾಗಾದರೆ ಅಂದು ಯಾವ ಮೃಗ...’ ಎಂದು, ಮುಗಿಯುವುದು ‘ಆಗ ನೀನು ಗಂಡಸಾಗಿದ್ದೆ’ ಎಂದು. ಇಂಗ್ಲಿಷಿನ ಒಂದೇ ‘ಮ್ಯಾನ್’ ಎರಡು ಕಡೆಗೂ ವಾಲುತ್ತದೆ. ಕನ್ನಡದಲ್ಲಿ ಅವನ ಬಾಯಿಗೆ ‘ಮನುಷ್ಯ’, ಅವಳ ಬಾಯಿಗೆ ‘ಗಂಡಸು’ ಕೊಡಿ. ಅವನ ಪದವನ್ನು ಅವಳು ಬದಲಿಸಿದ್ದು ಪ್ರೇಕ್ಷಕನಿಗೆ ಕೇಳಿಸಲಿ. ನಷ್ಟಕ್ಕಿಂತ ಲಾಭವೇ ಹೆಚ್ಚು. ನಾಲ್ಕನೆಯ ಅಂಕದಲ್ಲಿ ಮಾತ್ರ ಹಾಗೆ ಒಡೆಯಬಾರದು. ಹೆಂಡತಿ ಮಕ್ಕಳು ಹತರಾದ ಸುದ್ದಿ ಕೇಳಿದ ಮ್ಯಾಕ್‌ಡಫ್‌ಗೆ ಮಾಲ್ಕಮ್ ಗಂಡಸಿನಂತೆ ಎದುರಿಸು ಎಂದಾಗ, ಅವನು ಗಂಡಸಿನಂತೆ ನೋಯಲೂ ಬೇಕು ಎನ್ನುತ್ತಾನೆ. ಅಲ್ಲಿ ಎರಡು ಕಡೆಯೂ ಒಂದೇ ಪದ.

‘ಬಳೆ ತೊಟ್ಟುಕೋ’ ಎಂಬ ನುಡಿಗಟ್ಟು ಏಳನೆಯ ದೃಶ್ಯದಲ್ಲೇ ನಾಲಿಗೆಗೆ ಬರುತ್ತದೆ. ತಡೆಯಿರಿ. ಅಲ್ಲಿ ಅವಳು ಹೇಡಿ ಎನ್ನುತ್ತಾಳೆ, ಹೆಂಗಸು ಎನ್ನುವುದಿಲ್ಲ. ಆ ಚುಚ್ಚುಮಾತು ಬರುವುದು ಔತಣದ ದೃಶ್ಯದಲ್ಲಿ, ಚಳಿಗಾಲದ ಒಲೆ ಮುಂದೆ ಅಜ್ಜಿ ಹೇಳುವ ಕಥೆಗೆ ಹೆದರುತ್ತೀಯಲ್ಲ ಎಂಬಲ್ಲಿ. ಬಳೆ ಅಲ್ಲಿಗೆ ಇರಲಿ.

‘ಮಹತ್ವಾಕಾಂಕ್ಷೆ’ ಈಗ ‘ಸರ್ಕಾರದ ಮಹತ್ವಾಕಾಂಕ್ಷೆಯ ಯೋಜನೆ’ಯಾಗಿ ಹಲ್ಲು ಕಳೆದುಕೊಂಡಿದೆ. ‘ದುರಾಸೆ’ ತೀರ್ಪು ಮೊದಲೇ ಕೊಟ್ಟುಬಿಡುತ್ತದೆ. ಲೇಡಿ ಮ್ಯಾಕ್‌ಬೆತ್ ಅದನ್ನು ಗುಣವೆಂದೇ ಎಣಿಸುತ್ತಾಳೆ. ಆಸೆ ಇದೆ, ಅದರ ಜೊತೆಗಿರಬೇಕಾದ ‘ಇಲ್‌ನೆಸ್’ ಇಲ್ಲ ಎಂಬುದು ಅವಳ ತಕರಾರು. ಅದು ಕಾಯಿಲೆಯಲ್ಲ, ಕೆಡುಕು. ‘ಹೆಬ್ಬಯಕೆ’ ಎರಡು ಬಣ್ಣವನ್ನೂ ತಾಳುತ್ತದೆ. ಮ್ಯಾಕ್‌ಬೆತ್‌ನ ‘ವಾಲ್ಟಿಂಗ್’ಗೂ ಅದು ಹೊಂದುತ್ತದೆ: ಕುದುರೆ ಏರಲು ಹಾರಿದವನು ಜೀನು ದಾಟಿ ಆಚೆ ಬಿದ್ದ ಚಿತ್ರ ಅದು. ‘ಗಗನಚುಂಬಿ’ ಎಂದು ಬರೆದರೆ ಬೀಳುವವನೇ ಇರುವುದಿಲ್ಲ.

ಕೊನೆಗೆ ಲಯ. ಆ ಮೂವರದು ಚಿಕ್ಕ ಸಾಲು, ಉಳಿದವರದು ಉದ್ದ ಸಾಲು. ಉಳಿದವರಿಗೆ ಐದು ಮಾತ್ರೆಯ ಸರಳರಗಳೆ ಇಟ್ಟರೆ ಮೂವರಿಗೆ ಮೂರು ಮಾತ್ರೆಯ ಉತ್ಸಾಹದ ನಡೆ ಸಾಕು. ಆ ಮೂವರ ‘ಫೇರ್ ಈಸ್ ಫೌಲ್’ಗೆ ‘ಚೆಲುವೆ ಹೊಲಸು’ ಮಾತ್ರೆಗೆ ಸರಿಹೊಂದಿದರೂ ‘ಚೆಲುವೆ’ ಹೆಣ್ಣಾಗಿ ಕೇಳಿಸುತ್ತದೆ. ‘ಅಂದ ಕುಂದು, ಕುಂದೆ ಅಂದ’ ಎಂದರೆ ಹನ್ನೆರಡು ಮಾತ್ರೆ. ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಸಾಲಿನಲ್ಲಿ ಅವೇ ಎರಡು ಪದ ಇರಲೇಬೇಕು, ಅವನಿನ್ನೂ ಅವರನ್ನು ಕಂಡಿರುವುದಿಲ್ಲ: ‘ಅಂದಕುಂದಿನ ಇಂಥ ದಿನ ಕಂಡುದಿಲ್ಲ ನಾ’. ಐದರ ನಾಲ್ಕು ಗಣ, ಇಪ್ಪತ್ತು ಮಾತ್ರೆ.