ಸಹಾಯ ಬೇಕು: ಎಂಟನೇ ಕ್ಲಾಸಿನ ಮಕ್ಕಳಿಗೆ ಇಂಗ್ಲಿಷ್ ಓದು

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಈ ವರ್ಷ ಎಂಟನೇ ಕ್ಲಾಸಿನ 42 ಮಕ್ಕಳಲ್ಲಿ ಹತ್ತು ಹನ್ನೆರಡು ಮಂದಿಗೆ ಇಂಗ್ಲಿಷಿನ ಒಂದು ಸಾಲೂ ಓದಲು ಬರುವುದಿಲ್ಲ. ಗೈಡ್ ನೋಡಿ ಮುತ್ತಿನಂಥ ಅಕ್ಷರದಲ್ಲಿ ಉತ್ತರ ಬರೆಯುತ್ತಾರೆ, ಓದು ಎಂದರೆ ತಲೆ ತಗ್ಗಿಸುತ್ತಾರೆ. ಹೆಚ್ಚಿನವರು ತಾಂಡಾದ ಮಕ್ಕಳು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಎಸ್ಸೆಸ್ಸೆಲ್ಸಿಗೆ ದ್ವಿತೀಯ ಭಾಷೆಯಾದರೂ ಇಂಗ್ಲಿಷ್ ಅವರಿಗೆ ಮೂರನೆಯದು.

‘ಪುಟ್’, ‘ಬಟ್’ ಎರಡರ ನಡುವೆಯೂ ಅದೇ ‘ಯು’ ಇದೆ, ಓದುವಾಗ ಯಾಕೆ ಬೇರೆ ಸರ್ ಎಂದು ಒಬ್ಬಳು ಕೇಳಿದಳು. ಬರೆದಂತೆ ಓದುವ ಕನ್ನಡದಿಂದ ಬಂದವರಿಗೆ ಇದು ನಿಜವಾದ ತೊಡಕು. ‘ಐ ಮ್ಯಾಂಗೋ ಈಟ್’ ಎಂಬಂಥ ವಾಕ್ಯಗಳು ಮಾತ್ರ ಸುಧಾರಿಸಿವೆ. ಪಕ್ಕದಲ್ಲೇ ಕನ್ನಡ ವಾಕ್ಯ ಬರೆದು, ಕ್ರಿಯಾಪದ ಎಲ್ಲಿಗೆ ಸರಿಯುತ್ತದೆಂದು ಬಾಣ ಹಾಕಿ ತೋರಿಸಿದೆ.

ಓದಿನದೇ ಚಿಂತೆ. ಹದಿಮೂರು ವರ್ಷದವರ ಮುಂದೆ ‘ಎ ಫಾರ್ ಆಪಲ್’ ಚಾರ್ಟ್ ಹಿಡಿದರೆ ಅವಮಾನವಾಗುತ್ತದೆ. ಸಂತೆ, ಬಸ್ಸು, ಕಬಡ್ಡಿ ಕುರಿತು ಸುಲಭ ಪದಗಳ ನಾಲ್ಕೈದು ಸಾಲಿನ ಪಾಠಗಳನ್ನು ಯಾರಾದರೂ ಮಾಡಿಕೊಂಡಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಉಳಿದ ಮಕ್ಕಳ ಪಾಠ ನಿಲ್ಲದಂತೆ ಇದಕ್ಕೆ ಸಮಯ ಹೇಗೆ ಹೊಂದಿಸಿದಿರಿ ಎಂಬುದನ್ನೂ ತಿಳಿಸಿ.